ಉಪ್ಪಿನ ಪ್ರಶ್ನೆ

ದೇಶದ ಅಧ್ಯಕ್ಷರ ಕೋಟಿನ ಹೊಟ್ಟೆಭಾಗವನ್ನು ಮೂರನೇ ಸಲ ಸಡಿಲ ಮಾಡಿ ತಂದಿದ್ದ ದರ್ಜಿಗೆ ಅವರ ಭವನದ ಹಿಂಬಾಗಿಲ ಸಾಲಿನಲ್ಲಿ ನಿಂತು ನಿಂತು ಕಾಲು ಸೋತಿತ್ತು. ಮುಂದೆ ನಿಂತಿದ್ದ ಕಾಲೇಜು ಮೇಷ್ಟರೊಬ್ಬರ ಹೆಂಡತಿಯೂ ಅವರ ಹಳೇ ಶಿಷ್ಯನೊಬ್ಬನೂ ಆಡುತ್ತಿದ್ದ ಮಾತು ಬೇಡವೆಂದರೂ ಅವನ ಕಿವಿಗೆ ಬೀಳುತ್ತಿತ್ತು.

“ಮೇಷ್ಟ್ರು ಮೂರು ತಿಂಗಳು ಅಂತ ಈ ಭವನದೊಳಗೆ ಹೋದವರಲ್ವಾ ಅಮ್ಮಾ?”

“ನಾಲ್ಕು ವರ್ಷ ಆಯ್ತು ಕಣಪ್ಪ. ಅಧ್ಯಕ್ಷರಿಗೆ ತತ್ವಶಾಸ್ತ್ರ ಹೇಳ್ಕೊಟ್ರೆ ಜನರನ್ನ ಜೈಲಿಗೆ ಹಾಕೋದು ನಿಲ್ಲಿಸ್ತಾರೆ ಅಂದಿದ್ರು.”

“ನಾವೂ ನಂಬಿ ಚಪ್ಪಾಳೆ ತಟ್ಟಿ ಕಳಿಸಿದ್ವಿ.”

“ಅವರು ಬರೆದಿರೋ ಈ ಕಾಗದ ಓದು.”

ಅವನು ಓದಿದ. “ಚೆನ್ನಾಗೇ ಇದಾರಲ್ಲ.”

“ಒಂದಾದ್ರೂ ಪ್ರಶ್ನೆ ಇದೆಯಾ ಅದರಲ್ಲಿ?”

ಅವನು ಮತ್ತೆ ಓದಿದ. “ಇಲ್ಲ. ಕ್ಲಾಸಲ್ಲಿ ಪ್ರಶ್ನೆ ಬಿಟ್ಟು ಬೇರೇನೂ ಕೊಟ್ಟವರಲ್ಲ ಅವರು.”

“ಅಡುಗೆಗೆ ಉಪ್ಪು ಜಾಸ್ತಿ ಆಯ್ತಾ ಅಂದ್ರೆ, ‘ಜಾಸ್ತಿ ಅಂದ್ರೆ ಯಾರ ಲೆಕ್ಕದಲ್ಲಿ’ ಅನ್ನೋರು. ತಲೆ ಚಿಟ್ಟು ಹಿಡಿಯೋದು. ಈಗ ಉಪ್ಪು ಹಾಕುವಾಗೆಲ್ಲ ಆ ಮಾತಿಗೇ ಕಾಯ್ತೀನಿ.”

ಹಿಂಬಾಗಿಲ ಪಕ್ಕದ ಕಿಟಕಿ ತೆರೆಯಿತು. “ಇವತ್ತೂ ಭೇಟಿ ಇಲ್ಲಮ್ಮ,” ಎಂದ ಕಾವಲಿನವನು.

“ಮನೇಲಿ ಉಪ್ಪು ಜಾಸ್ತಿ ಆಗ್ತಿದೆ ಅಂತ ಅವರಿಗೆ ಹೇಳಿ. ಏನಂದ್ರು ಅಂತ ಬಂದು ತಿಳಿಸಿ, ಅಷ್ಟು ಸಾಕು.”

ಅವನು ಗೊಣಗುತ್ತ ಒಳಗೆ ಹೋದ. ಆಕೆ ಸೆರಗು ಸರಿಪಡಿಸಿಕೊಂಡು, ಕಿಟಕಿಯ ಸರಳು ಹಿಡಿದು ನಿಂತಳು. ಬಹಳ ಹೊತ್ತಿನ ಮೇಲೆ ಅವನು ಬಂದ.

“‘ಕಡಿಮೆ ಹಾಕಲಿ’ ಅಂದ್ರು.”

“ಕಡಿಮೆ ಅಂದ್ರೆ ಯಾರ ಲೆಕ್ಕದಲ್ಲಿ?”

ಆಕೆ ಕೇಳಿ ಮುಗಿಸುವಷ್ಟರಲ್ಲಿ ಕಿಟಕಿ ಮುಚ್ಚಿತ್ತು. ಶಿಷ್ಯ ಆಕೆಯ ಕೈಹಿಡಿದು ಮೆಟ್ಟಿಲಿಳಿಸಿಕೊಂಡು ಹೋದ.