ಸೀಲ್ ಹಾಕಿದ ಗೇಟಿನ ನಾಯಿಮರಿ

ಇಲ್ಲ ಕಣೋ, ಕೂತ್ಕೋ. ಎದ್ದು ಹೋಗೋ ಅಂಥ ಮಾತು ನಾನಿನ್ನೂ ಆಡೇ ಇಲ್ಲ. ಆ ಚರ್ಮದ ಚೂರುಗಳನ್ನ ಆಕಡೆ ಸರಿಸಿ ಸ್ಟೂಲ್ ಎಳ್ಕೋ. ಫ್ಯಾನ್ ಹಾಕ್ಲಾ? ಬೆವರ್ತಿದೀಯ... ಬೇಡ್ವಾ? ಸರಿ, ಬೇಡ ಅಂದ್ರೆ ಬೇಡ. ಹೊಲಿಗೆಯವರೆಲ್ಲ ಊಟಕ್ಕೆ ಹೋಗಿದಾರೆ, ಮಿಷನ್ನುಗಳೂ ಬಾಯಿ ಮುಚ್ಕೊಂಡಿವೆ. ಅಕ್ಕ ತಮ್ಮ ಹೀಗೆ ಎದುರುಬದುರು ಕೂತು ಮಾತಾಡಿ ಎಷ್ಟು ಕಾಲ ಆಯ್ತು ಹೇಳು!

ಏನು ಹೇಳ್ತಿದ್ದೆ? ಹಾಂ, ಟೋಪಿ. ಆ ಟೋಪಿ ನಮಗೆ ಮೋಸ ಮಾಡಿಬಿಟ್ಟ ಕಣೋ. ಹೊರದೇಶದ ಮನುಷ್ಯ, ಅವನ ಭಾಷೆ ನನಗೆ ಬರಲ್ಲ, ನಮ್ಮದು ಅವನಿಗೆ ಬರಲ್ಲ, ಮಧ್ಯೆ ಮಾತು ದಾಟಿಸೋನು ನೀನೇ, ಆದ್ರೂ ನಮ್ಮನೆಯವನು ಅಂದ್ಕೊಂಡಿದ್ದೆ. ನಮ್ಮ ಬ್ಯಾಗಿನ ಲಾಕನ್ನ ಅವನ ಕಾರ್ಖಾನೆ ಬಿಟ್ಟು ಬೇರೆ ಎಲ್ಲೂ ಮಾಡಿಸಿದೋಳಲ್ಲ ನಾನು. ಇಲ್ಲಿಗೆ ಬಂದಿದ್ದಾಗ ಇದೇ ಸ್ಟೂಲ್ ಮೇಲೆ ಕೂತಿದ್ದ, ನೆನಪಿದ್ಯಾ? ಬೆಂದುಹೋಗೋ ಸೆಕೆ, ತಲೆ ಮೇಲಿನ ಟೋಪಿ ಮಾತ್ರ ತೆಗೀಲಿಲ್ಲ ಪುಣ್ಯಾತ್ಮ. ಹೆಸರಿಟ್ಟೋನು ನೀನೇ. ಹುಷಾರಕ್ಕ, ಹಾಕ್ಕೊಂಡಿರೋನು ಒಂದಿನ ನಮಗೂ ಹಾಕ್ತಾನೆ ಅಂದಿದ್ದೆ.

ಯಾಕೋ ನಗ್ತೀಯ? ನಗೋ ವಿಷಯಾನಾ ಇದು? ನೆಚ್ಚಿದ ಎಮ್ಮೆ ಕೋಣ ಈಯ್ತು ಅಂತಾರಲ್ಲ, ಹಾಗಾಗಿದೆ ನನ್ನ ಬಾಳು. ನಗ್ತಾನೆ ನೋಡು!

ಮೊದಲು ಅಲ್ಲಿನ ಸರ್ಕಾರ ಅವನ ಕಾರ್ಖಾನೆ ಮುಚ್ಚಿಸ್ತು ಅಂತ ನೀನು ಓಡಿ ಬಂದು ಹೇಳಿದ ದಿನ ನಾನು ಒಂದು ಮಾತು ಬೈದೆನಾ? ಬೈಲಿಲ್ಲ. ಆ ಊರಲ್ಲಿ ಲೋಹಕ್ಕೆ ಹೊಳಪು ಕೊಡೋ ಕಾರ್ಖಾನೆಗಳೇ ಬೀದಿ ತುಂಬ. ಆಸಿಡ್ ನೀರೆಲ್ಲ ನದಿಗೆ. ಒಂದಿನ ಹಸಿರು, ಒಂದಿನ ಕೆಂಪು ಹರಿಯುತ್ತೆ ನದಿ ಅಂತ ನೀನೇ ಹೇಳಿದ್ದೆ. ಅಧಿಕಾರಿಗಳು ಬಾಟ್ಲಿ ಹಿಡ್ಕೊಂಡು ಬಂದ್ರಂತೆ, ನೀರು ತುಂಬ್ಕೊಂಡ್ರಂತೆ, ಕರೆಂಟ್ ಕಿತ್ರಂತೆ, ಗೇಟಿಗೆ ಸೀಲ್ ಹಾಕಿದ್ರಂತೆ. ಅಲ್ಲಿನ ಮಕ್ಕಳು ರಾತ್ರಿಯಿಡೀ ಕೆಮ್ತವಂತೆ ಅಕ್ಕ ಅಂದೆ. ಹಾಗಾದ್ರೆ ಮುಚ್ಚಿಸಿದ್ದು ಒಳ್ಳೇದೇ ಆಯ್ತು, ನಮ್ಮ ಬ್ಯಾಗು ನಾಲ್ಕು ದಿನ ತಡ ಆದ್ರೆ ಯಾರೂ ಸಾಯಲ್ಲ ಅಂದೆ ನಾನು. ಅಂದೆನೋ ಇಲ್ವೋ? ...ಹಾಂ. ತಲೆ ಆಡಿಸೋಕಾದ್ರೂ ಬರುತ್ತಲ್ಲ.

ಆಮೇಲೆ ನಾನು ಪಟ್ಟ ಪಾಡು! ಇಲ್ಲೇ ಪೇಟೇಲಿ ಸಿಗೋ ಲಾಕು ಹಾಕಿ ನೋಡ್ದೆ. ತೇವ ತಾಗಿದ ಕೂಡ್ಲೇ ಬಣ್ಣ ಬಿಡ್ತು, ಕೈಗೆಲ್ಲ ಹಸಿರು. ಲಾಕೇ ಬೇಡ, ಪಟ್ಟಿ ಹೊಲಿದು ಕೊಡ್ತೀನಿ ಅಂತ ನಮ್ಮ ಬ್ಯಾಗು ಮಾರೋ ಮೂರು ಮಹಡಿ ಅಂಗಡಿ ಯಜಮಾನ್ರ ಹತ್ರ ಹೋಗಿ ಅಂಗಲಾಚಿದೆ. ಬೇಡ, ಗಿರಾಕಿಗಳು ಆ ಎಲೆ ಚಿತ್ರದ ಲಾಕು ನೋಡೇ ನಿಮ್ಮ ಬ್ಯಾಗು ತಗೊಳ್ಳೋದು, ಅದು ಬರೋವರೆಗೂ ಕಾಯ್ತೀನಿ ಅಂದ್ರು. ದೊಡ್ಡ ಮನುಷ್ಯ. ಪ್ರತಿ ಸಲ ಹೋಗಿ ಕೈ ಕಟ್ಕೊಂಡು ನಿಂತು ಅದೇ ಮಂತ್ರ ಹೇಳ್ದೆ: ಅಲ್ಲಿ ಸರ್ಕಾರ ಮುಚ್ಚಿಸಿದೆ ಸಾರ್, ಹೊಗೆ ಜಾಸ್ತಿ ಆಗಿತ್ತಂತೆ ಸಾರ್, ಇನ್ನೇನು ತೆಗೀತಾರೆ ಸಾರ್... ನೀನು ಬೆಳಿಗ್ಗೆ ನನಗೆ ಹೇಳಿದ್ದನ್ನ ನಾನು ಸಂಜೆ ಅವರಿಗೆ ಹೇಳ್ತಿದ್ದೆ. ಗಿಣಿ ಹಾಗೆ. ಕೆಲಸ ಇಲ್ಲ ಅಂತ ಅರ್ಧ ಜನ ಹೊಲಿಗೆಯವರನ್ನ ಮನೇಲಿ ಕೂರಿಸ್ದೆ. ದೊಡ್ಡ ಟೈಲರಮ್ಮ ಸೆರಗಲ್ಲಿ ಕಣ್ಣೊರೆಸ್ಕೊಂಡು, ಇರ್ಲಿ ಬಿಡಮ್ಮ, ನೀನೇನು ಬೇಕಂತ ಮಾಡಿದ್ಯಾ ಅಂತ ನನಗೇ ಸಮಾಧಾನ ಹೇಳಿ ಹೋದ್ಲು. ಆವತ್ತು ನೀನೂ ಇಲ್ಲೇ ಇದ್ದೆ. ಬಾಗಿಲವರೆಗೂ ಅವಳ ಚೀಲ ಹೊತ್ಕೊಂಡು ಹೋಗಿ ಬಿಟ್ಟುಬಂದೆ. ಎಂಥ ಮೃದು ಮನಸ್ಸಪ್ಪ ನಮ್ಮ ಹುಡುಗನದು ಅಂದ್ಕೊಂಡೆ.

ನೀರು ಕುಡೀತೀಯಾ? ಕುಡಿ, ಕುಡಿ. ಲೋಟ ಅಲ್ಲಿದೆ.

ನಿನ್ನೆ ಯಜಮಾನ್ರು ಹೇಳಿ ಕಳಿಸಿದ್ರು. ಹೋದೆ. ಮಾಮೂಲಿನಂತೆ ಶುರು ಮಾಡ್ದೆ: ಅಲ್ಲಿ ಸರ್ಕಾರ ಸಾರ್... ಅವರು ಮೇಜಿನ ಕೆಳಗಿಂದ ಒಂದು ಬ್ಯಾಗು ತೆಗೆದು ನನ್ನ ಮುಂದೆ ಇಟ್ರು. ಹೊಸಾ ಬ್ಯಾಗು, ಘಮ್ ಅಂತ ಚರ್ಮದ ವಾಸನೆ. ನಮ್ಮದಲ್ಲ. ಹೊಲಿಗೆ ನಮ್ಮದಲ್ಲ, ಅಂಚು ಕಟ್ಟಿದ್ದು ನಮ್ಮದಲ್ಲ. ಆದ್ರೆ ಲಾಕು, ಆ ಲಾಕು ನಮ್ಮದು ಕಣೋ! ಎರಡೆಲೆ ಅಚ್ಚು. ಒಂದೆಲೆ ನಾನು ಬರ್ದಿದ್ದು, ಇನ್ನೊಂದು ನೀನು ಬರ್ದಿದ್ದು, ನಿನ್ನ ಎಲೆ ಸ್ವಲ್ಪ ಸೊಟ್ಟ, ಹಾಗೇ ಇರ್ಲಿ ಚೆನ್ನಾಗಿದೆ ಅಂತ ಬಿಟ್ಟಿದ್ವಿ. ಆ ಸೊಟ್ಟ ಎಲೆ ಇನ್ಯಾರದೋ ಬ್ಯಾಗಿನ ಮೇಲೆ ಮಿರಮಿರ ಅಂತ ಕೂತಿತ್ತು. ನನಗೆ ಹೇಗಾಗಿರ್ಬೇಡ! ಗೇಟಿಗೆ ಸೀಲ್ ಬಿದ್ದಿದೆ, ಲಾಕು ಹೇಗಪ್ಪ ಹೊರಗೆ ಬಂತು?

ಆ ಬ್ಯಾಗು ಯಾರು ಹೊಲಿದಿದ್ದು ಅಂತ ನೀನು ಕೇಳಲ್ವಾ?

...ಕೇಳಲ್ಲ. ಸರಿ. ನಾನಾಗಿದ್ರೆ ಮೊದಲು ಅದನ್ನೇ ಕೇಳ್ತಿದ್ದೆ. ಇರ್ಲಿ, ಒಬ್ಬೊಬ್ಬರದು ಒಂದೊಂದು ಸ್ವಭಾವ. ಅಯ್ಯೋ, ಹೆಗಲು ಯಾಕೆ ಮುಟ್ಟಿ ನೋಡ್ಕೊತೀಯ? ಕುಂಬಳಕಾಯಿ ಅಂತ ನಾನಿನ್ನೂ ಅಂದೇ ಇಲ್ವಲ್ಲ... ನೋವಾ? ಮಲಗೋದು ಸರಿಯಾಗಿ ಮಲಗ್ಬೇಕು.

ಟೋಪಿಯದೇ ಕೆಲಸ ಇದು. ಅಲ್ವಾ? ನೀನೇನಂತೀಯ? ಹೌದು ಅಂತೀಯಾ? ...ಹೌದಂತೆ. ನೋಡು, ನೀನೂ ಹೌದು ಅಂದ್ಮೇಲೆ ಮುಗೀತು. ನಮ್ಮ ಅಚ್ಚಲ್ಲಿ ಲಾಕು ಹೊಡೆದು ಬೇರೆಯವರಿಗೆ ಮಾರ್ಕೊಂಡು, ನಮಗೆ ಮಾತ್ರ ಸರ್ಕಾರ, ಹೊಗೆ, ನದಿ ಅಂತ ಕಿವಿಗೆ ಹೂವ ಇಟ್ಟಿದಾನೆ. ಜೊತೆಗೆ ಆ ವಿಡಿಯೋ ಬೇರೆ!

ಹೂಂ, ವಿಡಿಯೋ. ಮುಚ್ಚಿದ ಗೇಟಿನ ವಿಡಿಯೋ ಅವನು ನಿನ್ನ ಫೋನಿಗೆ ಕಳಿಸೋನು, ನೀನು ನನಗೆ ತೋರಿಸಿ ನನ್ನ ಫೋನಿಗೂ ಹಾಕ್ತಿದ್ದೆ. ರಾತ್ರಿ ಅದನ್ನೆಲ್ಲ ಮತ್ತೆ ಹಾಕ್ಕೊಂಡು ನೋಡ್ದೆ. ಮೊದಲನೇದ್ರಲ್ಲಿ ಗೇಟು, ಸೀಲು, ಕುರ್ಚಿ ಮೇಲೆ ಕಾವಲುಗಾರ, ಅವನ ಕಾಲ ಬುಡದಲ್ಲಿ ಒಂದು ನಾಯಿಮರಿ. ಅಂಗೈಯಷ್ಟು ಮರಿ. ಹಿಂದೆ ಆಕಾಶ ಒಲೆ ಮೇಲಿನ ಗೋಡೆ ಹಾಗೆ ಕಂದು. ಸರಿ, ಈಗಷ್ಟೇ ಮುಚ್ಚಿಸಿದಾರೆ, ಹೊಗೆ ಇನ್ನೂ ಇರುತ್ತೆ. ಆಮೇಲಿನದ್ರಲ್ಲಿ ಆಕಾಶ ನೀಲಿ, ನಾಯಿ ಮೊಣಕಾಲೆತ್ತರ, ಕಾವಲುಗಾರನ ಚಪ್ಪಲಿ ಕಚ್ಕೊಂಡು ಓಡ್ತಿದೆ. ಸರಿ. ಆಮೇಲೆ ಮೊನ್ನೆ ಮೊನ್ನೆ ತೋರಿಸಿದ್ಯಲ್ಲ, ಇನ್ನೂ ತೆಗೆದಿಲ್ಲ ಅಕ್ಕ ನೋಡು ಅಂತ? ಅದ್ರಲ್ಲಿ ಆಕಾಶ ಮತ್ತೆ ಕಂದು. ನಾಯಿ ಮತ್ತೆ ಮರಿ!

ಸರ್ಕಾರ ಏನು ಬೇಕಾದ್ರೂ ಮುಚ್ಚಿಸಬಹುದಪ್ಪ. ಬೆಳೆದ ನಾಯಿಯನ್ನ ತಿರುಗಿ ಮರಿ ಮಾಡೋ ಸರ್ಕಾರ ಎಲ್ಲೂ ಇಲ್ಲ.

ಯಾಕೆ, ಈಗ ನಗಲ್ವಾ? ಇದು ನಗೋ ವಿಷಯ ಕಣೋ! ನಿಮ್ಮ ಭಾವ ಎದ್ದು ಕೂತು ನಕ್ರು. ಆಮೇಲೆ ನನ್ನ ಮುಖ ನೋಡಿ, ಬಿಡು, ಏನೂ ಕೇಳ್ಬೇಡ, ಕೇಳಿದ್ರೆ ಇರೋದೂ ಹೋಗುತ್ತೆ ಅಂದ್ರು. ಯಾಕೆ ಹಾಗಂದ್ರೋ, ದೇವರಿಗೇ ಗೊತ್ತು. ಟೋಪಿಯನ್ನ ಕೇಳೋಕೇನು ಭಯ ನನಗೆ? ಅವನೇನು ನನ್ನ ಒಡಹುಟ್ಟಿದವನಾ?

ತೆಗಿ ಫೋನು. ಈಗ್ಲೇ ಮಾಡು ಅವನಿಗೆ. ನಾನು ನಮ್ಮ ಭಾಷೇಲಿ ಉಗೀತೀನಿ, ನೀನು ಅವನ ಭಾಷೇಲಿ ಹೇಳು... ಏನು? ಚಾರ್ಜ್ ಇಲ್ವಾ? ಸರಿ, ನನ್ನ ಫೋನು ತಗೋ. ಮಾತಾಡೋದು ಬೇಡ್ವಾ? ಸರಿ, ಬರಿ ಹಾಗಾದ್ರೆ. ನಾನು ಹೇಳ್ತೀನಿ, ನೀನು ಅವನ ಭಾಷೇಲಿ ಬರಿ. ಬರಿಯೋ! ನೀನು ಕಳ್ಳ ಅಂತ ಬರಿ. ನಂಬಿದವರ ಕತ್ತು ಕುಯ್ದೆ ಅಂತ ಬರಿ. ಇವತ್ತಿಂದ ನಿನಗೂ ನಮಗೂ ಸಂಬಂಧ ಇಲ್ಲ, ನಮ್ಮ ಅಚ್ಚು ವಾಪಸ್ ಕಳಿಸು, ನಿನ್ನ ಮುಖ ತೋರಿಸ್ಬೇಡ ಅಂತ ಬರಿ. ಯೋಚನೆ ಮಾಡ್ಬೇಕಾ? ಮಾಡು. ನಾನು ಕಾಯ್ತೀನಿ.

...

ಬರೀತಿದೀಯಾ?

...

ಪೂರ್ತಿ ಬರ್ದ್ಯಾ? ಕಳ್ಳ ಅನ್ನೋದನ್ನೂ?

ಕೊಡಿಲ್ಲಿ. ಕೊಡು ಅಂದ್ನಲ್ಲ! ಕಳಿಸ್ಬೇಡ... ಕೈ ತೆಗಿ ಅದರ ಮೇಲಿಂದ!

ಬರ್ದೇಬಿಟ್ಯಲ್ಲೋ.

ಒಂದು ಗಳಿಗೆ ನಿನ್ನ ಬೆರಳು ನಿಲ್ಲುತ್ತೆ ಅಂದ್ಕೊಂಡಿದ್ದೆ. ಅಷ್ಟೇ ಸಾಕಿತ್ತು ನನಗೆ. ಇಲ್ಲ ಅಕ್ಕ, ಅವನಲ್ಲ ಅಂತ ಅರ್ಧ ಮಾತು. ಅದೂ ಬೇಡ, ತಲೆ ತಗ್ಗಿಸಿ ಫೋನು ವಾಪಸ್ ಕೊಟ್ಟಿದ್ರೂ ಸಾಕಿತ್ತು. ಆದ್ರೆ ನೀನು ಕಾಗುಣಿತ ಸರಿ ಇದೆಯಾ ಅಂತ ತಿದ್ದಿ ತಿದ್ದಿ ಬರ್ದೆ.

ಬೆಳಿಗ್ಗೆ ನಾನೇ ಟೋಪಿಗೆ ಫೋನ್ ಮಾಡಿದ್ದೆ ಕಣೋ. ಹೂಂ, ನಾನೇ. ಇಲ್ಲಿಗೆ ಬಂದಿದ್ದಾಗ ಅವನೇ ನನ್ನ ಫೋನಿಗೆ ಹಾಕಿಕೊಟ್ಟ ನಂಬರು. ಮುಖ ಕಾಣೋ ಕಾಲ್. ಅವನೇನೋ ಅಂದ, ನಾನೇನೋ ಅಂದೆ, ಇಬ್ಬರಿಗೂ ಒಂದಕ್ಷರ ತಿಳೀಲಿಲ್ಲ. ಕೊನೆಗೆ ಒಂದು ಹಳೇ ಲಾಕು ಎತ್ತಿ ಹಿಡಿದು, ಎಲ್ಲಿ ಅಂತ ಕೈ ಆಡಿಸ್ದೆ. ಪಾಪ, ಮಾಲು ಕೆಟ್ಟಿದೆ ಅಂತ ಬೈತಿದೀನಿ ಅಂದ್ಕೊಂಡ. ಕೈ ಮುಗಿದ. ಟೋಪಿ ತೆಗೆದ ಕಣೋ, ಆ ಸೆಕೇಲೂ ತೆಗೀದೋನು! ಆಮೇಲೆ ಫೋನು ಹಿಡ್ಕೊಂಡು ಓಡಾಡಿ ಎಲ್ಲಾ ತೋರಿಸ್ದ. ಗೇಟು ತೆರೆದಿತ್ತು; ಮುಚ್ಚಿಸಿದ್ದೇನೋ ನಿಜ, ಮತ್ತೆ ತೆಗೆದು ಎಷ್ಟೋ ಕಾಲ ಆಗಿದೆ. ಒಳಗೆ ಹೊಸ ತೊಟ್ಟಿಗಳು, ನೀರು ತೊಳೆದು ಬಿಡೋ ಹೊಸ ಮಿಷನ್ನು, ಅದರ ಮೇಲೆ ಕೈ ಸವರಿ ಸವರಿ ತೋರಿಸ್ದ. ಎಷ್ಟು ಕಷ್ಟಪಟ್ಟಿದಾನೋ! ನಾಯಿ ಬಂದು ಅವನ ಮೈಮೇಲೆ ಹಾರ್ತು, ಕರುವಿನಷ್ಟಾಗಿದೆ. ಆಮೇಲೆ ಲಾಕು ತುಂಬಿದ ಒಂದು ಪೆಟ್ಟಿಗೆ ತಂದು ಕ್ಯಾಮೆರಾ ಮುಂದೆ ಹಿಡಿದ. ಪೆಟ್ಟಿಗೆ ಮೇಲೆ ನಮ್ಮ ಹೆಸರು. ಅದರ ಕೆಳಗೆ ವಿಳಾಸ. ಸೇತುವೆ ಆಚೆ ನಿನಗೆ ಹೆಣ್ಣು ಕೊಟ್ಟ ಮಾವ ಹೊಸದಾಗಿ ಬಾಡಿಗೆ ಹಿಡಿದಿದಾರಲ್ಲ, ಆ ಶೆಡ್ಡಿನದು.

ಅಕ್ಕಿ ವ್ಯಾಪಾರಕ್ಕೆ ಅಂದಿದ್ದೆ ಆ ಶೆಡ್ಡು. ನಾನೇ ಹೋಗಿ ದೀಪ ಹಚ್ಚಿ ಬಂದೆನಲ್ಲೋ.

ಬೇರೆ ಅಂಗಡಿ ಮಾಡ್ತೀನಿ ಅಕ್ಕ ಅಂದಿದ್ರೆ ಬೇಡ ಅಂತಿದ್ದೆನಾ? ಎರಡು ಮಿಷನ್ನು ಎತ್ತಿ ಕಳಿಸ್ತಿದ್ದೆ. ಎರಡೆಲೇಲಿ ಒಂದೆಲೆ ನಿನ್ನದೇ ತಾನೇ? ಕೇಳ್ಬೇಕಿತ್ತು. ಬೇಲಿನೇ ಎದ್ದು ಹೊಲ ಮೇಯ್ದ್ರೆ ಯಾರ ಹತ್ರ ಹೋಗಿ ಹೇಳ್ಕೊಳ್ಲಿ ನಾನು? ಹೋಗ್ಲಿ, ಹೊಲ ಮೇಯ್ದೆ, ಮೇಯಿ. ನನಗೆ ಉರಿಯೋದು ಅದಕ್ಕಲ್ಲ. ನನ್ನ ಬಾಯಲ್ಲಿ ಸುಳ್ಳು ಹೇಳಿಸ್ದೆ. ಆ ಯಜಮಾನ್ರ ಮುಂದೆ, ಟೈಲರಮ್ಮನ ಮುಂದೆ, ಕಂಡ ಕಂಡವರ ಮುಂದೆ. ನಾನು ಸತ್ಯ ಅಂದ್ಕೊಂಡು ಹೇಳಿದ್ದೆಲ್ಲ ಸುಳ್ಳಾಯ್ತು.

ಬ್ಯಾಗು ಮುಂದಿಟ್ಟು ಯಜಮಾನ್ರು ಏನಂದ್ರು ಗೊತ್ತಾ? ನಿಮ್ಮ ತಮ್ಮಾನೇ ತಂದುಕೊಟ್ಟಿದ್ದು ಇದನ್ನ, ಅಕ್ಕ ಅಂಗಡಿ ಮುಚ್ತಿದಾಳೆ, ಇನ್ಮೇಲೆ ನಾವೇ ಬ್ಯಾಗು ಕೊಡ್ತೀವಿ ಅಂದ, ನಿಮಗೆ ಗೊತ್ತಿಲ್ವೇನಮ್ಮ ಅಂದ್ರು. ನನ್ನ ಕಣ್ಣನ್ನೇ ನೋಡ್ತಿದ್ರು. ಗೊತ್ತಿಲ್ಲ ಅಂದಿದ್ರೆ ನಿನ್ನನ್ನ ಆ ಮೆಟ್ಟಿಲು ಹತ್ತೋಕೆ ಬಿಡ್ತಿರಲಿಲ್ಲ. ನಾನು ನಕ್ಕೆ. ಗೊತ್ತು ಸಾರ್ ಅಂದೆ. ನಾನೇ ಕಳಿಸಿದ್ದು, ನನಗೂ ಸಾಕಾಗಿದೆ, ಇನ್ನು ಅವನ ಕೈಯಿಂದಾನೇ ತಗೊಳ್ಳಿ ಅಂದೆ. ಮುಗೀತು. ಆ ಅಂಗಡಿ ವ್ಯಾಪಾರ ಇನ್ನು ನಿನ್ನದು. ನನ್ನ ಬಾಯಿಂದಾನೇ ಕೊಟ್ಟು ಬಂದಿದೀನಿ.

ಅದನ್ನ ನಿನಗೆ ಹೇಳ್ಬಾರ್ದು ಅಂತಿದ್ದೆ. ನೀನಾಗೇ ಬಾಯಿ ಬಿಟ್ಟು ಹೇಳಿದ್ರೆ ನನಗೂ ಏನೂ ಗೊತ್ತಿಲ್ಲ ಅನ್ನೋ ಹಾಗೇ ಇದ್ದು, ಬೈದು, ಅತ್ತು, ಹೊಟ್ಟೆಗೆ ಹಾಕ್ಕೊಂಡುಬಿಡ್ತಿದ್ದೆ. ಬೆಳಿಗ್ಗೆಯಿಂದ ಕಾದೆ.

ಏನು? ಏನಂದೆ?

ಬೇಡ. ಈಗ ಅಕ್ಕ ಅನ್ಬೇಡ. ಟೋಪಿ ಕಳ್ಳ ಅಂತ ನಾನಂದಾಗ ಅನ್ಬೇಕಿತ್ತು.

ಏಳು. ಗೇಟು ಸದ್ದಾಯ್ತು, ಊಟ ಮುಗಿಸಿ ಬರ್ತಿದಾರೆ. ಆಕಡೆ ಅಲ್ಲ, ಹಿಂದಿನ ಬಾಗಿಲಿಂದ ಹೋಗು. ಅಳ್ತಾ ಹೋಗೋದನ್ನ ನೋಡಿ, ಏನಾಯ್ತಮ್ಮ ನಿನ್ನ ತಮ್ಮನಿಗೆ ಅಂತ ಕೇಳಿದ್ರೆ, ಮತ್ತೆ ನಾನೇ ಏನಾದ್ರೂ ಒಂದು ಸುಳ್ಳು ಹುಡುಕ್ಬೇಕು. ಹೋಗಪ್ಪ.