ಗೆರೈಂಟನ ಬೆನ್ನು

ನಂಬದವರು ಈಗಲೇ ಎದ್ದು ಹೋಗಿ ಮಲಗಬಹುದು... ಇದು ನಡೆದದ್ದು ನಮ್ಮ ದೊಡ್ಡಪ್ಪನ ಮಗ ಇದ್ವಲ್‌ಗೆ, ಈ ವೇಲ್ಸ್ ಕಣಿವೆಯಲ್ಲೇ, ಕಲ್ಲಿದ್ದಲ ಗಣಿ ಇನ್ನೂ ನಡೆಯುತ್ತಿದ್ದಾಗ.

ಶುಕ್ರವಾರ. ರಾತ್ರಿ ಹನ್ನೊಂದು. ಪಾಳಿ ಮುಗಿಸಿದ ಇದ್ವಲ್, ನೀರು ತುಂಬಿದ ಹಳೇ ಗಣಿಬಾವಿ ದಾಟಿ ಮನೆಗೆ ಹೊರಟಿದ್ದ. ದಾರಿಯಲ್ಲಿ ಜೊತೆಗಾರ ಗೆರೈಂಟನ ಹೆಂಡತಿ ಓಲ್ವೆನ್ ತನ್ನ ಮನೆ ಬಾಗಿಲಲ್ಲಿ ನಿಂತಿದ್ದಳು.

"ಎಲ್ಲೋ ನಮ್ಮೋನು?"

"ಬರ್ತಾನೆ ಬಿಡಕ್ಕ. ಈಗಷ್ಟೇ ಅವನ ಬೆನ್ನು ತಿಕ್ಕಿ ಬಂದೆ. ಸಾರು ಬಿಸಿಗಿಡು."

ಸುಳ್ಳೇನೂ ಹೇಳಲಿಲ್ಲ ಅವನು. ಗಣಿಯ ಬಚ್ಚಲಲ್ಲಿ ಒಬ್ಬರ ಬೆನ್ನು ಇನ್ನೊಬ್ಬರು ತಿಕ್ಕುವುದು ವಾಡಿಕೆ. ಯಾರೂ ಕೇಳುವುದಿಲ್ಲ, ಬಂದು ಬೆನ್ನು ಕೊಟ್ಟು ನಿಲ್ಲುತ್ತಾರೆ. ಆ ಆವಿಯಲ್ಲಿ ಮುಖ ಯಾರು ನೋಡುತ್ತಾರೆ! ಅವತ್ತು ಬಂದು ನಿಂತ ಬೆನ್ನಿನ ಎಡಭುಜದ ಮೇಲೆ, ಗೆರೈಂಟನಿಗಿದ್ದ ಹಾಗೇ, ಇದ್ದಲು ಕೂತು ನೀಲಿಯಾದ ಗಾಯದ ಗುರುತು ಕಂಡಿತು. ಗೆರೈಂಟನೇ ಎಂದು ಇದ್ವಲ್ ತಿಕ್ಕಿದ. ಬಿಸಿನೀರು ಸೊರ್ರೆಂದು ಸುರಿಯುತ್ತಿತ್ತು. ಬೆನ್ನು ಮಾತ್ರ ತಣ್ಣಗೆ...

"ಏನೋ, ಹೆಣದ ಹಂಗಿದ್ದೀಯಲ್ಲೋ!"

"ತಿಕ್ಕು..." ಪಿಸುಮಾತು. ಅಷ್ಟೇ. ಆಮೇಲೆ ಬರಿಗಾಲು ಪಚ್ ಪಚ್ ಎಂದು ಆವಿಯೊಳಗೆ ಹೋದ ಸದ್ದು.

ಓಲ್ವೆನ್ ಒಳಗೆ ತಿರುಗುವಷ್ಟರಲ್ಲಿ ಗಣಿಯ ಸೈರನ್ ಊಳಿಟ್ಟಿತು. ಕೆಳಗೆ ಬೆಂಕಿ! ಇದ್ವಲ್ ವಾಪಸ್ ಓಡಿದ.

ದೀಪ ಕೊಡುವ ಮುದುಕ ಟಡ್‌ವಲ್ ಬಿಲ್ಲೆ ನೇತುಹಾಕುವ ಹಲಗೆ ನೋಡುತ್ತಿದ್ದ. ಕೆಳಗಿಳಿದವರು ಮೇಲೆ ಬಂದ ಕೂಡಲೇ ತಮ್ಮ ಹಿತ್ತಾಳೆ ಬಿಲ್ಲೆ ಅವನಿಗೆ ಕೊಡಬೇಕು.

"ಗೆರೈಂಟನ ಬಿಲ್ಲೆ ಬಂದಿಲ್ಲ. ಕೆಳಗೇ ಇದಾನೆ."

ಹುಡುಕಲು ನಾಲ್ವರು ಹೊರಟು ನಿಂತಿದ್ದರು. ಇದ್ವಲ್ ಅಡ್ಡ ಬಂದ.

"ಸುಮ್ನೆ ಯಾಕ್ರಯ್ಯ ಸಾಯ್ತೀರಿ? ಆ ಮರೆಗುಳಿ ಜೇಬಲ್ಲಿ ಇಟ್ಕೊಂಡು ಹೋಗಿರ್ತಾನೆ. ನನ್ನ ಕೈಯಾರೆ ಬೆನ್ನು ತೊಳೆದಿದೀನಿ!"

"ಆಣೆ ಇಡ್ತೀಯಾ?" ಮ್ಯಾನೇಜರ್ ಕೇಳಿದ.

"ಬೈಬಲ್ ಮುಟ್ಟಿ ಹೇಳ್ತೀನಿ ಸ್ವಾಮಿ."

ನಾಲ್ವರೂ ಇಳಿಯದೆ ನಿಂತರು. ಬೆಂಕಿಗೆ ಗಾಳಿ ಸಿಗದಂತೆ, ಬೆಳಕು ಹರಿಯುವ ಮೊದಲೇ ಸುರಂಗದ ಬಾಯಿಗೆ ಗೋಡೆ ಕಟ್ಟಿದರು. ಇದ್ವಲ್ ತಾನೂ ಇಟ್ಟಿಗೆ ಹೊತ್ತ.

ಬೆಳಗಾದರೂ ಗೆರೈಂಟ್ ಮನೆಗೆ ಬಂದಿರಲಿಲ್ಲ.

ಗೋಡೆ ಒಡೆದರೆ ಗಣಿಯೇ ಸಿಡಿಯುತ್ತದೆ ಎಂದು ಯಾರನ್ನೂ ಅದರ ಹತ್ತಿರ ಬಿಡಲಿಲ್ಲ. ಇದ್ವಲ್ ಹುಚ್ಚನಾಗುವುದೊಂದು ಬಾಕಿ. "ನಿನ್ನ ತಪ್ಪಲ್ಲ ಕಣೋ, ಅವನು ಮೊದಲೇ ಸತ್ತಿದ್ದ. ಸತ್ತವನೇ ಬಂದು ಬೆನ್ನು ಕೊಟ್ಟ" ಎಂದು ಊರೆಲ್ಲ ಸಮಾಧಾನ ಹೇಳಿತು. ಪಾಪ, ಆ ಮಾತನ್ನೇ ಹಿಡಿದುಕೊಂಡು ಅವನು ಅಷ್ಟಿಷ್ಟು ಉಣ್ಣತೊಡಗಿದ.

ಐದು ತಿಂಗಳ ಮೇಲೆ ಗೋಡೆ ಬಿಚ್ಚಿದರು. ಗೆರೈಂಟ್ ಗೋಡೆಗೇ ಒರಗಿ ಕೂತಿದ್ದ. ಇಟ್ಟಿಗೆಗಳ ಒಳಮೈ ಮೇಲೆ ಸೀಮೆಸುಣ್ಣದ ಬರಹ. ಅಕ್ಷರ ಅವನದೇ.

ಶನಿವಾರ ಬೆಳಿಗ್ಗೆ ಒಂಬತ್ತು. ಗೋಡೆ ಬಡೀತಾ ಇದೀನಿ. ಇದ್ವಲ್‌ಗೆ ಹೇಳಿ, ನಾನಿಲ್ಲೇ ಇದೀನಿ.

ಶನಿವಾರ... ಅಂದರೆ ಮಾರನೇ ದಿನ. ಇದ್ವಲ್ ಬೆನ್ನು ತಿಕ್ಕುವಾಗ ಗೆರೈಂಟ್ ಕೆಳಗೆ ಬದುಕಿದ್ದ.

ಹಾಗಾದರೆ ಆ ಬೆನ್ನು ಯಾರದು ಎಂದು ನನ್ನ ಕೇಳಬೇಡಿ. ಆ ಇಟ್ಟಿಗೆಗಳನ್ನು ನೆಲದ ಮೇಲೆ ಜೋಡಿಸಿ, ಇದ್ವಲ್‌ಗೆ ಓದಿ ಹೇಳಿದವನು ನಾನೇ.