ರಿಪೇರಿ ಯಾರದ್ದು?

ಥೂ! ಏನು ನಾತ ಇದು... ಬಾಗಿಲು ಹಾಕಿ ಟೈಲರಮ್ಮ, ಮೊದಲು ಆ ಬಚ್ಚಲ ಬಾಗಿಲು ಹಾಕಿ! ಇದನ್ನ ತೋರಿಸೋಕೆ ಮೂರು ಸಲ ಫೋನ್ ಮಾಡಿದ್ರಾ? ನಾನೇನು ಮೋರಿ ಬಳಿಯೋನಾ? ಈ ಮನೆ ಓನರ್ ಅಮ್ಮ ನಾನು, ಓನರ್!

ಯಾಕೆ ನಗ್ತೀರಾ? ಓನರ್ ಅಂದ್ರೆ ನಗು ಬರತ್ತಾ?

ದಿನವಿಡೀ ಹೊಲೀತೀರಿ, ದಾರ, ಚಿಂದಿ ಎಲ್ಲ ಬಚ್ಚಲಿಗೇ ಗುಡಿಸಿರ್ತೀರಿ. ಪೈಪು ಕಟ್ಕೊಳ್ಳದೆ ಇನ್ನೇನಾಗತ್ತೆ? ಇಲ್ಲ ಅಂತ ತಲೆ ಆಡಿಸಿಬಿಟ್ರೆ ಆಯ್ತಾ? ಏನದು ಚೀಟಿ... ಪ್ಲಂಬರ್ ಬರೆದುಕೊಟ್ನಾ? 'ನೆಲದಡಿ ಪೈಪು ಒಡೆದಿದೆ, ಅಗೀಬೇಕು.' ಅವನ ತಲೆ! ಅಗೀಬೇಕಂತೆ... ಹೌದಮ್ಮ, ರಿಪೇರಿ ಓನರ್ದೇ, ಆ ಕರಾರು ಪತ್ರ ನನ್ನ ಮುಖಕ್ಕೆ ಹಿಡೀಬೇಡಿ, ಬರೆಸಿದ್ದೇ ನಾನು. ಆದರೆ ಈಗ ಯಾಕೆ ಅಗೆಸೋದು? ಯಾರ ಸುಖಕ್ಕೆ? ಮನೆ ತಗೊಳ್ಳೋನು ಮಾಡಿಸ್ಕೋತಾನೆ ಬಿಡಿ...

ಅಂದ್ರೆ... ಮಾತಿಗೆ ಅಂದೆ. ಮಿಷನ್ ಯಾಕೆ ನಿಲ್ಲಿಸಿದ್ರಿ? ಹೊಲೀರಿ, ಹೊಲೀರಿ.

ಇದ್ಯಾರ ಕಾರ್ಡು? ಕೊಡಿ ಇಲ್ಲಿ... ಬ್ಯಾಂಕಿನೋನು! ಒಳಗೆ ಬಿಟ್ಕೊಂಡ್ರಾ? ಅಳತೇನೂ ತಗೊಂಡ್ನಾ? ಥೂ, ಅಸಹ್ಯದ ಜನ! ಸಾಲ ಕೊಡೋವಾಗ ಕುರ್ಚಿ ಒರೆಸಿ ಕೂರಿಸ್ತಾರೆ. ನಾಲ್ಕು ಕಂತು ತಪ್ಪಲಿ, ಬದುಕಿರೋನ ಗೋಡೆಗೆ ಟೇಪು ಹಿಡೀತಾರೆ, ಹೆಣದ ಪೆಟ್ಟಿಗೆಗೆ ಅಳತೆ ತಗೊಳ್ಳೋ ಹಾಗೆ!

ಹೆದರಬೇಡಿ. ಬ್ಯಾಂಕಿನೋರು ಹರಾಜು ಅಂದ ತಕ್ಷಣ ಮನೆ ಹರಾಜಾಗಿಬಿಡತ್ತಾ? ಹಾಗೆ ನೋಡಬೇಡಿ ಅಮ್ಮ. ನನಗೂ ಗೊತ್ತಾಗಿದ್ದು ಹೋದ ವಾರ, ದೇವರಾಣೆ! ನನ್ನ ವಕೀಲನೇ ಅಂದ, 'ಮನೆ ಕೈ ಬಿಡೋವರೆಗೂ ನಿಮ್ಮದೇ ಸಾರ್, ಬಾಡಿಗೆಗೆ ಕೊಡಿ, ಏನೂ ಆಗಲ್ಲ' ಅಂತ. ಬಾಡಿಗೆಗೆ ಬರೋರಿಗೆ ಮಾತ್ರ ಹರಾಜಿನ ವಿಷಯ ಮೊದಲೇ ಹೇಳಿಬಿಡಿ ಅಂತ...

ಯಾಕೆ? ಏನು ಬೆರಳು ಮಡಚ್ತಿದೀರಿ?

...ಹೌದು. ನೀವು ಬಂದು ಐದು ತಿಂಗಳು.

ಹೇಳಬೇಕು ಅಂತಲೇ ಬಂದಿದ್ದೆ ಅವತ್ತು. ನೀವು ನಿಮ್ಮ ಅತ್ತೆನ ಕುರ್ಚಿ ಸಮೇತ ಎತ್ಕೊಂಡು ಮೆಟ್ಟಿಲು ಹತ್ತಿಸ್ತಿದ್ರಿ. 'ಇನ್ನೊಂದು ಮನೆ ಬದಲಾಯಿಸೋ ಶಕ್ತಿ ಇವರಿಗಿಲ್ಲ ಸಾರ್' ಅಂದ್ರಿ. ಅವರು ನನ್ನ ಕೈ ಹಿಡ್ಕೊಂಡು, ಎಷ್ಟು ದಿನ ಇರಬಹುದಪ್ಪಾ ಅಂತ ಕೇಳಿದ್ರು. ನಾನು... ಇರೋವಷ್ಟು ದಿನ ಇರಿ ಅಮ್ಮ ಅಂದೆ. ನಗ್ತಾ ಅಂದೆ. ಬ್ಯಾಂಕಿನ ನೋಟಿಸು ಜೇಬಲ್ಲೇ ಇತ್ತು.

ಬೈಯಿರಿ ಅಮ್ಮ. ಬೈಯಿರಿ. ನನಗೇ ನನ್ನ ಮುಖ ನೋಡೋಕೆ ಹೇಸಿಗೆ ಆಗತ್ತೆ, ನೀವು ಬೈದ್ರೆ ಏನಾಗತ್ತೆ? ಉಗೀರಿ ಬೇಕಾದ್ರೆ!

ಒಳಗೆ ಎದ್ದಿದಾರಾ ನಿಮ್ಮ ಅತ್ತೆ? ಮೆತ್ತಗೆ ಹೇಳಬೇಕು ನೀವು... ನಿಧಾನವಾಗಿ, ಊಟ ಆದ ಮೇಲೆ...

ಏನು? ಯಾಕೆ ಅವರ ಕೋಣೆ ಕಡೆ ಕೈ ತೋರಿಸ್ತಿದೀರಿ?

ನಾನಾ ಹೇಳೋದು?

...ಈಗಲೇನಾ?